ನಾನು ಹಾಕಿ ಮರೆತ ಮಿತಿ

ಕಬ್ಬು ತೂಗುವ ಕಾಟಾದ ಕೋಣೆಯ ಕಂಪ್ಯೂಟರ್ ನಿಧಾನವಾದದ್ದು ನನ್ನಿಂದ. ಮಹಾದೇವಿಯಿಂದ ಅಲ್ಲ.

ಇಷ್ಟು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು. ಅಂದು ಒಂದು ಮೆಟ್ಟಿಲಸಾಲು ಹತ್ತಿ ಹೋಗಿ ಹೇಳಿಬಿಡಬಹುದಾಗಿದ್ದ ಮಾತು ಇದು. ಹತ್ತಲಿಲ್ಲ. ಹೇಳಿದ್ದರೆ ನನಗೇನಾಗುತ್ತಿತ್ತು ಎಂದು ಈಗ ಯೋಚಿಸಿದರೆ — ಏನೂ ಆಗುತ್ತಿರಲಿಲ್ಲ. ನಾಲ್ಕು ಬೈಗುಳ ಕೇಳಬೇಕಾಗಿತ್ತು, ಅಷ್ಟೇ. ಆ ನಾಲ್ಕು ಬೈಗುಳಕ್ಕೆ ಹೆದರಿ ನಾನು ಒಬ್ಬ ಹೆಣ್ಣುಮಗಳ ಕೈಯನ್ನೇ ಅವಳಿಂದ ಕಿತ್ತುಕೊಂಡೆ. ಉತ್ಪ್ರೇಕ್ಷೆ ಎನಿಸಬಹುದು. ಮುಂದೆ ಓದಿ, ನೀವೇ ಹೇಳಿ.

ನಾನು ಬೈಲಹೊಂಗಲದವನು. ತಂದೆ ಪೌರೋಹಿತ್ಯ ಮಾಡಿಕೊಂಡಿದ್ದವರು. ಮುಹೂರ್ತ ಕೇಳಲು ಸುತ್ತಿನ ಊರುಗಳ ಜನ ನಮ್ಮ ಕಟ್ಟೆಗೆ ಬರುತ್ತಿದ್ದರು. 'ಆಚಾರ್ರ ಮನಿ' ಎಂದರೆ ಒಂದು ಮರ್ಯಾದೆ ಇತ್ತು. ನಾನು ಆ ದಾರಿ ಹಿಡಿಯಲಿಲ್ಲ. ತೊಂಬತ್ತರ ದಶಕದಲ್ಲಿ ಪೇಟೆಯ ಬಟ್ಟೆ ಅಂಗಡಿಯೊಂದರ ಮಾಳಿಗೆಯ ಮೇಲೆ ಕಂಪ್ಯೂಟರ್ ಕ್ಲಾಸು ತೆರೆದೆ. ಕಿತ್ತೂರಿನಿಂದ, ಸವದತ್ತಿಯಿಂದ ಹುಡುಗರು ಬಸ್ಸು ಹತ್ತಿ ಬಂದು ಕಲಿಯುತ್ತಿದ್ದರು. ಮುಂದೆ ಅಂಥ ಕ್ಲಾಸುಗಳು ಓಣಿಗೊಂದಾದಾಗ ನಮ್ಮ ಭಾಗದ ಒಂದು ಸಕ್ಕರೆ ಕಾರ್ಖಾನೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸವನ್ನೂ ಹಿಡಿದೆ. ಕಾರ್ಖಾನೆಯ ಹೆಸರು ಬೇಡ. ತಪ್ಪು ನನ್ನದು, ಅದರದ್ದಲ್ಲ.

ಮಹಾದೇವಿ ಕಟಕೋಳದವಳು. ಗಂಡ ಅದೇ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಜ್ವರ ಬಂದು ತೀರಿಕೊಂಡ. ಅವನ ಬದಲು ಇವಳಿಗೆ ಕೆಲಸ ಕೊಡಬೇಕಾಯಿತು. 'ಕಂಪ್ಯೂಟರ್ ಕಲಿತು ಬಂದರೆ ಕುರ್ಚಿಯ ಕೆಲಸ, ಇಲ್ಲವಾದರೆ ಕಸ ಹೊಡೆಯುವ ಕೆಲಸ' ಎಂದರಂತೆ. ಸಣ್ಣ ಮಗಳನ್ನು ತಾಯಿಯ ಹತ್ತಿರ ಬಿಟ್ಟು, ಯರಗಟ್ಟಿಯಲ್ಲಿ ಬಸ್ಸು ಬದಲಿಸಿ, ದಿನಾಲು ನನ್ನ ಕ್ಲಾಸಿಗೆ ಬಂದಳು. ನನಗಿಂತ ದೊಡ್ಡವಳು, ನಾನು 'ಅಕ್ಕಾರ' ಅನ್ನುತ್ತಿದ್ದೆ, ಅವಳು 'ಸರ' ಅನ್ನುತ್ತಿದ್ದಳು. ಮೊದಮೊದಲು ಜೋಳದೊಳಗಿನ ಹರಳು ಆರಿಸುವವರ ಹಾಗೆ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದಳು. ಕೋರ್ಸು ಮುಗಿಯುವಷ್ಟರಲ್ಲಿ ಅವಳು ಕೀಲಿಮಣೆಯ ಕಡೆ ನೋಡುತ್ತಲೇ ಇರಲಿಲ್ಲ.

ಕಾರ್ಖಾನೆ ಅವಳನ್ನು ಕಾಟಾದ ಕೋಣೆಯಲ್ಲಿ ಕೂಡಿಸಿತು. ಕಬ್ಬಿನ ಟ್ರ್ಯಾಕ್ಟರು, ಚಕ್ಕಡಿ, ಲಾರಿ ಬಂದು ನಿಂತು ತೂಕ ಆಗುವ ಜಾಗ ಅದು. ಅಲ್ಲಿ ಅದುವರೆಗೆ ಹೆಂಗಸರು ಕೂತದ್ದಿರಲಿಲ್ಲ. ಕಿಟಕಿಯಲ್ಲಿ ಇಣುಕಿ ನಕ್ಕವರಿದ್ದರು, ಬೇಕೆಂದೇ ಹಾರ್ನ್ ಬಾರಿಸಿದವರಿದ್ದರು. ಅವಳು ಯಾರಿಗೂ ಎದುರು ಮಾತಾಡಲಿಲ್ಲ. ಚೀಟಿ ಹರಿದು ಕೊಡುತ್ತ ಹೋದಳು. ಕಬ್ಬು ಅರೆಯುವ ಒಂದು ಹಂಗಾಮು ಮುಗಿಯುವುದರೊಳಗೆ ಅದೇ ಡ್ರೈವರುಗಳು, 'ಅಕ್ಕಾರು ಕುಂತಾರೇನು? ಹಂಗಾದ್ರ ಗಾಡಿ ಲಗೂನ ಹೊಳ್ಳತಾವ' ಎನ್ನತೊಡಗಿದ್ದರು. ನನಗೆ ಹೆಮ್ಮೆ. ನಾನು ಕಲಿಸಿದವಳು — ಎಂದು ಕಂಡಕಂಡವರಿಗೆ ಹೇಳಿಕೊಂಡು ತಿರುಗಿದೆ.

ಎರಡು ಸಾವಿರದ ದಶಕದ ಕೊನೆಯ ಹೊತ್ತಿಗೆ ಕಾರ್ಖಾನೆ ಎರಡು ದೊಡ್ಡ ಸರ್ವರುಗಳನ್ನು ಕೊಂಡಿತು. ಅವುಗಳೊಳಗೆ ನಾನು ಹಲವು ವರ್ಚುವಲ್ ಮಷಿನ್‌ಗಳನ್ನು ಮಾಡಿಟ್ಟೆ. ದೊಡ್ಡ ವಾಡೆಯೊಂದರಲ್ಲಿ ಗೋಡೆ ಹಾಕಿ ಬೇರೆ ಬೇರೆ ಸಂಸಾರ ಇಟ್ಟ ಹಾಗೆ: ಒಂದರಲ್ಲಿ ಲೆಕ್ಕಪತ್ರ, ಒಂದರಲ್ಲಿ ಹಾಜರಿ, ಒಂದರಲ್ಲಿ ಕಾಟಾ. ಪ್ರತಿಯೊಂದೂ ತಾನೇ ಒಂದು ಪೂರ್ತಿ ಕಂಪ್ಯೂಟರು ಎಂದು ತಿಳಿದಿರುತ್ತದೆ. ಯಾರಿಗೆ ಎಷ್ಟು ಜಾಗ, ಎಷ್ಟು ಮೆಮೊರಿ ಎಂದು ಹಂಚುವ ಸಾಫ್ಟ್‌ವೇರು ಕೆಳಗೆ ಕೂತಿರುತ್ತದೆ. ಆ ಹಂಚುವ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂತು. ಹಂಗಾಮು ಮುಗಿಯುವ ತನಕ ಕಾಯಬಹುದಿತ್ತು. ನನಗೆ ಹೊಸದರ ಹುಚ್ಚು. ಬಾಯ್ಲರ್ ತೊಳೆಯಲು ಕಾರ್ಖಾನೆ ಒಂದು ದಿನ ನಿಂತಾಗ ಅಪ್‌ಗ್ರೇಡ್ ಮಾಡಿಬಿಡುತ್ತೇನೆ ಎಂದು ನಾನೇ ಮುಂದೆ ಬಂದು ಹೇಳಿದೆ.

ಒಂದು ಸರ್ವರನ್ನು ಖಾಲಿ ಮಾಡಿ ಹೊಸ ಆವೃತ್ತಿ ಹಾಕಬೇಕಾದರೆ ಎಲ್ಲ ಮಷಿನ್‌ಗಳನ್ನೂ ಇನ್ನೊಂದರಲ್ಲಿ ತುರುಕಬೇಕು. ಜಾಗ ಸಾಲಲಿಲ್ಲ. ಅಂದು ಕಬ್ಬು ಬರುವುದಿಲ್ಲ, ಕಾಟಾಕ್ಕೆ ಕೆಲಸವಿಲ್ಲ — ಹೀಗೆಂದುಕೊಂಡು ಕಾಟಾದ ಮಷಿನ್‌ಗೆ ಒಂದು ಮಿತಿ ಹಾಕಿದೆ. ಅದರ ಪಾಲಿನ ಮೆಮೊರಿಯಲ್ಲಿ ಕಾಲು ಭಾಗದಷ್ಟೇ ಕೊಡು, ಹೆಚ್ಚು ಕೊಡಬೇಡ ಎಂದು. ಸಂಜೆ ಎಲ್ಲ ಮುಗಿದ ಮೇಲೆ ತೆಗೆಯಬೇಕಾಗಿತ್ತು. ಮರೆತೆ.

ಮರೆತದ್ದು ಪಾಪವಲ್ಲ. ಎಲ್ಲರೂ ಮರೆಯುತ್ತಾರೆ. ನಾನು ಬರೆಯಲು ಕೂತದ್ದು ಮರೆತದ್ದನ್ನಲ್ಲ —

ಮರುದಿನ ಕಬ್ಬು ಬಂತು. ಕಾಟಾದ ಮಷಿನ್ ಉಸಿರು ಕಟ್ಟಿದಂತಾಯಿತು. ಒಳಗಿನಿಂದ ನೋಡಿದರೆ ಅದಕ್ಕೆ ತನ್ನ ಮೆಮೊರಿ ಪೂರ್ತಿ ಇದ್ದ ಹಾಗೆಯೇ ಕಾಣುತ್ತಿತ್ತು. ನಿಜವಾಗಿ ಸಿಗುತ್ತಿದ್ದುದು ಕಾಲು ಭಾಗ. ಉಳಿದದ್ದಕ್ಕೆ ಅದು ಮತ್ತೆ ಮತ್ತೆ ಡಿಸ್ಕಿಗೆ ಓಡಬೇಕು. ಮಹಾದೇವಿ ಗಾಡಿಯ ನಂಬರು ಹಾಕಿ ಒತ್ತಿದರೆ ಪರದೆ ಹಾಗೆಯೇ ನಿಲ್ಲುತ್ತಿತ್ತು, ಮರಳುಗಡಿಯಾರದ ಚಿತ್ರವೊಂದು ಸುಮ್ಮನೆ ತಿರುಗುತ್ತಿತ್ತು. ಹೊರಗೆ ಗಾಡಿಗಳ ಸಾಲು ಯಾರ್ಡು ದಾಟಿ ರಸ್ತೆಗೆ ಬಂತು. ಬಿಸಿಲಿಗೆ ಎತ್ತುಗಳು ನೊಗದಲ್ಲೇ ಮಂಡಿಯೂರಿದವು. ಕಬ್ಬು ಒಣಗುತ್ತದೆಂದು ರೈತರು ಕಿಟಕಿ ಬಡಿದರು.

ನಾನು ಎಲ್ಲ ಕಡೆ ಹುಡುಕಿದೆ. ಪ್ರಿಂಟರಿನ ಡ್ರೈವರ್ ಸಾಫ್ಟ್‌ವೇರು ಬದಲಿಸಿದೆ. ಕೇಬಲ್ ಬದಲಿಸಿದೆ. ವೈರಸ್ ಹಿಡಿಯುವ ಸಾಫ್ಟ್‌ವೇರನ್ನು ತೆಗೆದು ನೋಡಿದೆ. ಹೊಸ ಆವೃತ್ತಿಯಲ್ಲೇ ಏನೋ ಕೆಟ್ಟಿರಬೇಕು ಎಂದು ಫೋನು ಹಚ್ಚಿ ಕೇಳಿದೆ. ನಾನೇ ಹಾಕಿದ ಮಿತಿಯನ್ನು ಮಾತ್ರ ನೋಡಲಿಲ್ಲ; ನನ್ನ ಕೈ ತಪ್ಪು ಮಾಡಿರಬಹುದು ಎಂದು ನೋಡುವ ಅಭ್ಯಾಸ ನನಗಿರಲಿಲ್ಲ. ಹೀಗೇ ದಿನಗಳು ಹೋದವು.

ಮೇಲಿನ ಮಹಡಿಯಲ್ಲಿ ಮೀಟಿಂಗ್ ಕರೆದರು. ಕಚೇರಿಯ ಸೂಪರಿಂಟೆಂಡೆಂಟ್ ದೇಸಾಯರು, ಕಬ್ಬಿನ ವಿಭಾಗದ ಇಬ್ಬರು ಅಧಿಕಾರಿಗಳು, ಸಿಟ್ಟಾಗಿ ಬಂದಿದ್ದ ಕೆಲವು ರೈತರು, ಅವರಲ್ಲಿ ಸಾಲಹಳ್ಳಿಯ ಹಿರಿಯರೊಬ್ಬರು. ಮಹಾದೇವಿಯನ್ನು ಬಾಗಿಲ ಹತ್ತಿರ ನಿಲ್ಲಿಸಿದ್ದರು. ದೇಸಾಯರು ಎರಡು ಚೀಟಿ ಎತ್ತಿ ತೋರಿಸಿದರು.

"ಒಂದಽ ಗಾಡಿಗೆ ಎರಡು ಚೀಟಿ. ಇದೇನವಾ ಇದು?"

"ಸ್ಕ್ರೀನ್ ಹಂಗಽ ನಿಂತಿತ್ರಿ ಸಾಹೇಬ್ರ," ಎಂದಳು. "ಮೊದಲಿಂದು ಹೋಗೇ ಇಲ್ಲ ಅಂತ ತಿಳದು ಮತ್ತೊಮ್ಮೆ ಒತ್ತಿದೆರಿ."

ಯಾರಾದರೂ ಹಾಗೆಯೇ ಒತ್ತುತ್ತಿದ್ದರು. ನಾನೂ ಒತ್ತುತ್ತಿದ್ದೆ. 'ಉತ್ತರ ಬರದಿದ್ರ ಇನ್ನೊಮ್ಮೆ ಒತ್ತಿ ನೋಡ್ರಿ' ಎಂದು ಕ್ಲಾಸಿನಲ್ಲಿ ಅವಳಿಗೆ ಹೇಳಿಕೊಟ್ಟವನೇ ನಾನು.

ದೇಸಾಯರು ನನ್ನ ಕಡೆ ತಿರುಗಿದರು. "ನೀವು ಸರಳ ಹೇಳ್ರಿ. ದೋಷ ಮಷಿನ್‌ದಾಗ ಐತೋ, ಕುಂತವರಾಗ ಐತೋ?"

ಗೊತ್ತಿಲ್ಲ — ಎನ್ನಬೇಕಾಗಿತ್ತು. ಅದು ನಿಜವಾಗಿತ್ತು. ಆದರೆ ಅಪ್‌ಗ್ರೇಡ್ ಬೇಕೆಂದು ಹಟ ಹಿಡಿದವನು ನಾನು, ಎಲ್ಲರ ಕಣ್ಣೂ ನನ್ನ ಮೇಲೆ.

"ಮಷಿನ್ ಸರಿ ಐತ್ರಿ," ಎಂದೆ. "ನಡಸೋರ ಕೈಯಾಗ ಏನರ ಆಗತಿರಬೇಕು."

ಸಾಲಹಳ್ಳಿಯ ಹಿರಿಯರು ತೊಡೆ ತಟ್ಟಿದರು. "ನಾ ಮೊದಲಽ ಹೇಳಿದ್ದೆ! ಹೆಣ್ಣಮಕ್ಕಳ ಕೈಗೆ ಕಾಟಾ ಕೊಡಬ್ಯಾಡ್ರಿ ಅಂತ."

ದೇಸಾಯರು ಚೀಟಿಗಳನ್ನು ಮೇಜಿನ ಮೇಲಿಟ್ಟರು. "ಮುಗೀತು. ಆಚಾರ್ರ ಮಗ ಸುಳ್ಳ ಹೇಳತಾರೇನು?"

ಮಹಾದೇವಿ ನನ್ನನ್ನು ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ಇವತ್ತಿಗೆ ಆ ನೋಟ ಹಳತಾಗುತ್ತಿತ್ತೇನೋ. ಅವಳು ನೋಡಿದ್ದು ಕ್ಲಾಸಿನಲ್ಲಿ ನೋಡುತ್ತಿದ್ದ ಹಾಗೆ: ತನ್ನದೊಂದು ತಪ್ಪನ್ನು ಮಾಸ್ತರರು ತಿದ್ದಿದಾಗ, ಹೌದಾ, ಅದು ತಪ್ಪಾ, ಎಂದು ಗಮನವಿಟ್ಟು ನೋಡುವ ನೋಟ. ಅದು ಈಗಲೂ ನನ್ನನ್ನು ಬಿಟ್ಟಿಲ್ಲ. ಊಟದ ನಡುವೆ ಬರುತ್ತದೆ, ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿದಾಗ ಬರುತ್ತದೆ.

ಕೆಳಗೆ ಸರ್ವರ್ ಕೋಣೆಗೆ ಬಂದು ಕೂತೆ. ಮಾಡಲು ಬೇರೇನೂ ತೋಚದೆ ಕಾಟಾದ ಮಷಿನ್‌ನ ಸೆಟ್ಟಿಂಗುಗಳನ್ನು ಒಂದೊಂದಾಗಿ ತೆರೆಯುತ್ತ ಹೋದೆ. ಆಗ ಕಂಡಿತು. ನಾನು ಹಾಕಿದ ಮಿತಿ, ನಾನು ಹಾಕಿದ ಹಾಗೆಯೇ.

ತೆಗೆದೆ. ಹಾಗೆ ತೆಗೆಯುವುದಕ್ಕೆ ಒಂದು ಗುರುತು ಅಳಿಸಿದರೆ ಸಾಕು. ಸ್ವಲ್ಪ ಹೊತ್ತಿನಲ್ಲೇ ಮಷಿನ್ ಮೊದಲಿನ ಹಾಗೆ ಓಡತೊಡಗಿತು. ಹೊರಗೆ ಚೀಟಿ ಮುದ್ರಿಸುವ ಪ್ರಿಂಟರಿನ ಸದ್ದು ಒಂದರ ಹಿಂದೆ ಒಂದು ಕೇಳಿಸಿತು, ಗಾಡಿಗಳು ಸರಿಯತೊಡಗಿದವು. ಒಂದು ಕ್ಷಣ ನನಗೆ ಸಂತೋಷವೇ ಆಯಿತು. ಆಮೇಲೆ ಹೊರಗೆ ಬಂದು ನೋಡಿದೆ — ಕಾಟಾದ ಕುರ್ಚಿಯಲ್ಲಿ ಮಹಾದೇವಿ ಇರಲಿಲ್ಲ. ಅವಳನ್ನು ಎಬ್ಬಿಸಿ ಬೇರೆ ಗುಮಾಸ್ತನನ್ನು ಕೂಡಿಸಿಯಾಗಿತ್ತು.

ಅವನು ಕೂತ, ಮಷಿನ್ ಓಡಿತು. ಇಡೀ ಯಾರ್ಡು ಅದನ್ನು ಕಣ್ಣಾರೆ ಕಂಡಿತು. ಇದಕ್ಕಿಂತ ದೊಡ್ಡ ಸಾಕ್ಷಿ ಯಾರಿಗೆ ಬೇಕು? 'ನೋಡ್ರಿ, ಆಕಿ ಎದ್ಲು, ಮಷಿನ್ ನೆಟ್ಟಗಾತು' ಎಂದು ನಗುತ್ತಿದ್ದರು. ಅದು ಹೇಗಾಯಿತೆಂದು ಭೂಮಿಯ ಮೇಲೆ ಗೊತ್ತಿದ್ದವನು ನಾನೊಬ್ಬನೇ. ಮೆಟ್ಟಿಲು ಅಲ್ಲೇ ಇತ್ತು. ಮೇಲೆ ದೇಸಾಯರು ಇನ್ನೂ ಕೂತಿದ್ದರು. ಅವರ ಕೆಮ್ಮು ಕೇಳುತ್ತಿತ್ತು.

ಆಗ ಅವಳು ನನ್ನ ಬಾಗಿಲಿಗೆ ಬಂದಳು. ಊಟದ ಡಬ್ಬಿಯ ಚೀಲ ಕೈಯಲ್ಲಿತ್ತು. ಒಳಗೆ ಬರಲಿಲ್ಲ.

"ಸರ, ನಾ ಏನರ ತಪ್ಪ ಒತ್ತಿದೆನೇನ್ರಿ? ಯಾವುದಂತ ಹೇಳಿದ್ರ ಮುಂದ ಹಂಗ ಮಾಡೂದಿಲ್ಲ."

ಮೇಲೆ ಆಡಿದ ಮಾತು ಭಯದಿಂದ ಬಂದದ್ದು. ಆಗ ನನಗೆ ಕಾರಣ ಗೊತ್ತಿರಲಿಲ್ಲ ಎಂದಾದರೂ ಹೇಳಿಕೊಳ್ಳಬಹುದು. ಈಗ ಗೊತ್ತಿತ್ತು. ಗೊತ್ತಿದ್ದೂ, ಅವಳ ಮುಖ ನೋಡಿಯೇ, ಹೇಳಿದೆ:

"ಆಗಿರಬಹುದ್ರಿ ಅಕ್ಕಾರ. ಆಗತೈತಿ ಒಮ್ಮೊಮ್ಮೆ."

ಸಮಾಧಾನದ ದನಿಯಲ್ಲಿ ಹೇಳಿದೆ. ಅದನ್ನು ನೆನೆದಾಗಲೇ ನನಗೆ ನನ್ನ ಮೇಲೆ ಅಸಹ್ಯ ಹೆಚ್ಚಾಗುವುದು. ಅವಳು ತಲೆಯಾಡಿಸಿ, "ಹೌದ್ರಿ, ಆಗಿರಬೇಕು" ಎಂದು ಹೋದಳು.

ಅವಳನ್ನು ಅತಿಥಿಗೃಹದ ಹಾಸಿಗೆ-ಹೊದಿಕೆ ನೋಡಿಕೊಳ್ಳುವ ಕೆಲಸಕ್ಕೆ ಹಾಕಿದರು. ಕಾಟಾದ ಕೋಣೆಯಲ್ಲಿ ನಾನಿದ್ದಷ್ಟು ಕಾಲ ಮತ್ತೆ ಹೆಣ್ಣುಮಗಳು ಕೂತದ್ದನ್ನು ಕಾಣಲಿಲ್ಲ. ಎದುರಾದಾಗಲೆಲ್ಲ ಅವಳು "ಆರಾಮ್ರಿ ಸರ?" ಎಂದು ಕೇಳುತ್ತಿದ್ದಳು. ನಾನು ದಾರಿ ಬದಲಿಸಿ ನಡೆಯುವುದನ್ನು ಕಲಿತೆ. ಮುಂದಿನ ಹಂಗಾಮಿಗೆ ಆ ಕೆಲಸವನ್ನೇ ಬಿಟ್ಟೆ — ಬೈಲಹೊಂಗಲದಿಂದ ದೂರವಾಗುತ್ತದೆ ಎಂದು ಕಾರಣ ಹೇಳಿ.

ಕೆಲವು ವರ್ಷಗಳಾದ ಮೇಲೆ ಒಂದು ಮಧ್ಯಾಹ್ನ ನನ್ನ ಕ್ಲಾಸಿನ ಮೆಟ್ಟಿಲು ಹತ್ತಿ ಒಬ್ಬ ಹುಡುಗಿ ಬಂದಳು. ಹತ್ತನೆಯ ಇಯತ್ತೆ ಪಾಸಾಗಿದ್ದಳು. ಹೆಸರು ಸವಿತಾ. ಕಂಪ್ಯೂಟರ್ ಕಲಿಯಬೇಕು ಎಂದಳು. ಖಾಲಿಯಿದ್ದ ಮಷಿನ್ ತೋರಿಸಿದೆ. ಕೂತು ತನ್ನ ಹೆಸರನ್ನು ಒತ್ತಿ ಪರದೆಯ ಮೇಲೆ ಅದನ್ನು ನೋಡಿ ನಕ್ಕಳು. ಅಷ್ಟರಲ್ಲಿ ಹಿಂದೆ ಏದುಸಿರು ಬಿಡುತ್ತ ತಾಯಿ ಬಂದಳು. ಮಹಾದೇವಿ. ಪೇಟೆಗೆ ಬಂದಿದ್ದವರು, ಮಗಳು ಬೋರ್ಡು ನೋಡಿ ಕೈಬಿಡಿಸಿಕೊಂಡು ಮೇಲೆ ಬಂದಿದ್ದಳು.

ಮಹಾದೇವಿ ನನ್ನನ್ನು ಕಂಡು ಸಂಕೋಚದಿಂದ ನಕ್ಕಳು. ಆಮೇಲೆ ಮಗಳ ರಟ್ಟೆ ಹಿಡಿದು ಎಬ್ಬಿಸಿದಳು.

"ಏಳವ್ವಾ. ಇದು ನಮ್ಮ ಕೈಗೆ ಆಗಿಬರೂದಿಲ್ಲ. ಸರಿಗೆ ಗೊತ್ತೈತಿ, ಕೇಳು ಬೇಕಾದ್ರ."

ಇಬ್ಬರೂ ನನ್ನ ಕಡೆ ನೋಡಿದರು. ಹುಡುಗಿಯ ಬೆರಳು ಇನ್ನೂ ಕೀಲಿಮಣೆಯ ಮೇಲಿತ್ತು.

ನಾನು ಏನೂ ಹೇಳಲಿಲ್ಲ. ಎರಡನೆಯ ಸಲವೂ —

ಅವರು ಮೆಟ್ಟಿಲಿಳಿದು ಹೋದರು. ಸವಿತಾ ಒತ್ತಿದ ಹೆಸರು ಪರದೆಯ ಮೇಲೆ ಹಾಗೆಯೇ ಇತ್ತು. ಅದನ್ನು ಅಳಿಸಲಾಗದೆ ಮಷಿನ್‌ನ ಸ್ವಿಚ್ಚನ್ನೇ ತೆಗೆದೆ.

ಅವತ್ತಿನಿಂದ ಹೇಳಬೇಕು, ಹೇಳಬೇಕು ಎಂದು ವರ್ಷಗಳನ್ನು ಕಳೆದೆ. ಸವಿತಾ ಹೊಲಿಗೆ ಕಲಿತಳು, ಕಿತ್ತೂರಿಗೆ ಕೊಟ್ಟರು ಎಂದು ಯಾರೋ ಹೇಳಿದರು. ತಂದೆ ತೀರಿಕೊಂಡರು. ನನ್ನ ಕ್ಲಾಸು ಮುಚ್ಚಿತು. ಬೇರೆ ಬೇರೆ ಕಡೆ ಸರ್ವರುಗಳನ್ನು ನೋಡುತ್ತ ಹೊಟ್ಟೆ ಹೊರೆದೆ. ಎಲ್ಲಿಯಾದರೂ ಮಷಿನ್ ನಿಧಾನವಾಗಿದೆ ಎಂದು ಕರೆ ಬಂದರೆ ಎದೆಯೊಳಗೆ ಮೊದಲು ಕೇಳುತ್ತಿದ್ದುದು ಅವಳ ದನಿ: ಸರ, ನಾ ಏನರ ತಪ್ಪ ಒತ್ತಿದೆನೇನ್ರಿ? ಆ ಮನೆಯಲ್ಲೋ ಕಚೇರಿಯಲ್ಲೋ ಕೂತವರು ಯಾರೇ ಇರಲಿ, ನಾನು ಮೊದಲು ಹೇಳುತ್ತಿದ್ದ ಮಾತು, 'ನಿಮ್ಮ ತಪ್ಪಲ್ಲ' ಎಂದು. ಹೇಳಬೇಕಾದವಳೊಬ್ಬಳನ್ನು ಬಿಟ್ಟು ಲೋಕಕ್ಕೆಲ್ಲ ಹೇಳಿದೆ.

ಈ ಬೇಸಿಗೆ ಕಟಕೋಳಕ್ಕೆ ಹೋದೆ. ಮಹಾದೇವಿ ನಿವೃತ್ತಳಾಗಿದ್ದಾಳೆ. ಗುರುತು ಹಿಡಿದು, ಚಾಪೆ ಹಾಸಿ, "ಕುಂದರ್ರಿ ಸರ" ಎಂದಳು. ಚಹಾಕ್ಕೆ ಇಟ್ಟು ಬಂದಳು. ಗೋಡೆಯ ಮಾಡದಲ್ಲಿಟ್ಟಿದ್ದ ಫೋನು ರಿಂಗಾಗತೊಡಗಿತು. ಅವಳು ಅದನ್ನು ಎರಡು ಬೆರಳಲ್ಲಿ ಹಿಡಿದು ತಂದು ನನ್ನ ಮುಂದೆ ಚಾಚಿದಳು.

"ಸವಿತಾ ಇರಬೇಕು. ಅದನ್ನ ಒಂಚೂರು ಒತ್ತಿ ಕೊಡ್ರಿ ಸರ. ನಾ ಒತ್ತಿದ್ರ ಏನರ ಆಗತೈತಿ."

ಒಂದು ಹಂಗಾಮಿನಲ್ಲಿ ಸಾವಿರಗಟ್ಟಲೆ ಗಾಡಿ ತೂಗಿದ ಕೈ ಅದು. ನಾನು ಒತ್ತಿ ಕೊಟ್ಟೆ. ಅವಳು ಮಗಳ ಜೊತೆ ಮಾತಾಡಿ ಮುಗಿಸುವ ತನಕ ಗೋಡೆ ನೋಡುತ್ತ ಕೂತೆ. ಆಮೇಲೆ ಹೇಳಿದೆ. ಎಲ್ಲ ಹೇಳಿದೆ — ಮಿತಿ ಹಾಕಿದ್ದು, ಮರೆತದ್ದು, ಮೀಟಿಂಗಿನಲ್ಲಿ ಅಂದದ್ದು, ಕೆಳಗೆ ಬಂದು ತೆಗೆದದ್ದು, ಬಾಗಿಲಲ್ಲಿ ಅವಳು ಕೇಳಿದಾಗ ಗೊತ್ತಿದ್ದೂ ಸುಳ್ಳು ಹೇಳಿದ್ದು.

ಅವಳು ಎದ್ದು ಒಳಗೆ ಹೋಗಿ ಒಲೆ ಆರಿಸಿ ಬಂದಳು.

"ಹಂಗಾದ್ರ ನಾ ತಪ್ಪ ಒತ್ತಿರಲಿಲ್ಲ?"

"ಇಲ್ರಿ ಅಕ್ಕಾರ."

"ಒಂದೂ?"

"ಒಂದೂ ಇಲ್ರಿ."

ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು. ನಾನು ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅವಳು ಕೈ ಅಡ್ಡ ಮಾಡಿದಳು.

"ಅವತ್ತ ಸವಿತಾ ಬಸ್ಸಿನಾಗ ಯರಗಟ್ಟಿ ತನಕ ಅತ್ತಳು ಸರ. ನಿಮ್ಮ ಮುಂದಽ ನಾ ಆಕಿನ್ನ ಎಬ್ಬಿಸಿಕೊಂಡು ಬಂದೆ. ನೀವು ಅವಾಗರ ಹೇಳಬಹುದಿತ್ತಲ್ಲ."

ಅವಳು ಫೋನನ್ನು ಮತ್ತೆ ಮಾಡದಲ್ಲಿಟ್ಟು ಬಂದಳು.

"ಇಷ್ಟು ವರ್ಷ ನನ್ನಽ ನಾ ಬೈಕೊಂಡು ಬಂದೇನಿ. ಈಗ ನಿಮ್ಮನ್ನ ಬೈಬೇಕಂದ್ರ ಬಾಯಿಗೆ ರೂಢಿ ಇಲ್ಲ," ಎಂದಳು. "ಅವತ್ತ ಮೀಟಿಂಗಿನಾಗ ಎಲ್ಲಾರ ಮುಂದ ಅಂದ್ರಿ. ಇವತ್ತ ನನ್ನೊಬ್ಬಾಕಿ ಮುಂದ ಹೇಳಾಕ ಹತ್ತೀರಿ. ಹೋಗ್ರಿ ಸರ. ಅವರಿಗೆ ಹೇಳ್ರಿ."

ಚಹಾ ಕೊಡಲಿಲ್ಲ. ಕೊಡದಿದ್ದುದೇ ಸರಿ.

ಅಂದು ಆ ಕೋಣೆಯಲ್ಲಿದ್ದವರು ಈಗೆಲ್ಲಿ ಸಿಗುತ್ತಾರೆ? ಕೆಲವರು ತೀರಿಕೊಂಡಿದ್ದಾರೆ. ಅವರಿಗೆ ಹೇಳುವ ದಾರಿ ಇಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಉಳಿದವರನ್ನು ಹುಡುಕುತ್ತಿದ್ದೇನೆ. ಮೊನ್ನೆ ರಾಮದುರ್ಗಕ್ಕೆ ಹೋಗಿ ದೇಸಾಯರನ್ನು ಕಂಡೆ. ವಯಸ್ಸಾಗಿದೆ, ಮಾತು ಚುರುಕಾಗಿಯೇ ಇದೆ. ಪಡಸಾಲೆಯಲ್ಲಿ ಕೂತು ಎಲ್ಲ ಹೇಳಿದೆ. ಅವರು ನಕ್ಕರು.

"ಯಾವ ಮೀಟಿಂಗೋ ಏನೋ. ನೀವು ಏನಂದಿದ್ರಿ ನನಗ ನೆನಪಽ ಇಲ್ಲ. ಆ ಹೆಣ್ಣಮಗಳು ಮಷಿನ್ ಕೆಡಿಸಿದ್ಲು, ಅದೊಂದು ನೆನಪೈತಿ."

"ಕೆಡಿಸಿಲ್ರಿ. ಅದನ್ನಽ ಹೇಳಾಕ ಬಂದೇನಿ."

"ಹೂಂ, ಬಿಡ್ರಿ. ಹಳೇ ಮಾತು."

ಎದ್ದು ಬಾಗಿಲ ತನಕ ಬಂದಿದ್ದೆ. ಒಳಗಿನಿಂದ ಬಂದ ಅವರ ಹೆಂಡತಿಗೆ ದೇಸಾಯರು ನನ್ನ ಪರಿಚಯ ಹೇಳುತ್ತಿದ್ದುದು ಕೇಳಿಸಿತು: "ಕಾಟಾದ ಮಷಿನ್ ಕೆಡಿಸಿದ್ಲಲ್ಲ ಒಬ್ಬಾಕಿ, ಅವಾಗ ಅದನ್ನ ರಿಪೇರಿ ಮಾಡಿದವರು ಇವರಽ."

ನನ್ನ ಸುಳ್ಳು ಇಷ್ಟು ವರ್ಷ ನನಗಿಂತ ಗಟ್ಟಿಮುಟ್ಟಾಗಿ ಬದುಕಿದೆ. ಅದಕ್ಕೆ ನನ್ನ ನೆನಪೂ ಬೇಕಾಗಿಲ್ಲ. ಮೆಟ್ಟಿದ್ದ ಚಪ್ಪಲಿ ಬಿಟ್ಟು ಮತ್ತೆ ಒಳಗೆ ಹೋದೆ. ಇಬ್ಬರ ಮುಂದೆಯೂ ಕೂತು ಮೊದಲಿನಿಂದ ಹೇಳಿದೆ. ಈ ಸಲ ದೇಸಾಯರು ನಗಲಿಲ್ಲ. ನಂಬಿದರೋ, ಬೇಸರಪಟ್ಟರೋ, ತಿಳಿಯಲಿಲ್ಲ. ಅವರ ಹೆಂಡತಿ ಮಾತ್ರ, "ಆಕಿ ಮಗಳು ಈಗ ಏನ್ ಮಾಡತಾಳ?" ಎಂದು ಕೇಳಿದರು. ಹೊಲಿಗೆ ಎಂದೆ.

ನಾಳೆ ಸಾಲಹಳ್ಳಿಗೆ ಹೋಗುತ್ತೇನೆ. ಅಂದು ತೊಡೆ ತಟ್ಟಿದ ಹಿರಿಯರು ಇನ್ನೂ ಇದ್ದಾರೆ. ಇಡೀ ದಿನ ಊರ ಕಟ್ಟೆಯ ಮೇಲೆ ಹತ್ತು ಜನರ ನಡುವೆ ಕೂತಿರುತ್ತಾರಂತೆ. ಅವರಿಗೆ ಕಿವಿ ಮಂದವಾಗಿದೆ ಎಂದು ಕೇಳಿದ್ದೇನೆ. ಕೂಗಿ ಹೇಳಬೇಕಾಗುತ್ತದೆ.